ಪೋಸ್ಟರ್ ಬಿಡಿ, ಬಟವಾಡೆ ಪುಸ್ತಕ ತೆರೆಯಿರಿ

ನಿಮ್ಮ ಸೈಟಿನಲ್ಲಿ ಬಿಹಾರ, ಒಡಿಶಾ ಮತ್ತು ಯಾದಗಿರಿ ಕಡೆಯ 80 ಮಂದಿ ಕಟ್ಟಡ ಕಾರ್ಮಿಕರು ಇದ್ದಾರೆ, ಪೋಸ್ಟರ್ ಅಂಟಿಸಿದರೂ ದೂಳಿಗೆ ಮಾಸ್ಕ್ ಹಾಕಿಕೊಳ್ಳುವುದಿಲ್ಲ, ಅವರಿಗೆ ಆರೋಗ್ಯದ ಅರಿವು ಮೂಡಿಸುವುದು ಹೇಗೆ ಎಂದು ಕೇಳಿದ್ದೀರಿ. ನಾನು ಬೆಂಗಳೂರಿನಲ್ಲಿ 14 ವರ್ಷದಿಂದ ಸೈಟ್ ಎಂಜಿನಿಯರ್. ಅರಿವು ಅವರಿಗೆ ಸಾಕಷ್ಟಿದೆ. ನೀವು ಕೂಲಿಯ ಲೆಕ್ಕ ನೋಡಿ.

ನಮ್ಮಲ್ಲಿ ಗ್ರಾನೈಟ್ ಕತ್ತರಿಸುವ ಹುಡುಗನೊಬ್ಬನಿದ್ದ. ಸಂಜೆಯ ಹೊತ್ತಿಗೆ ಅವನ ರೆಪ್ಪೆಗೂದಲೂ ಬೆಳ್ಳಗಾಗಿರುತ್ತಿತ್ತು. ಮೂಗಿಗೆ ಬೆವರಲ್ಲಿ ನೆನೆದ ಟವೆಲ್. ಆ ದೂಳಿನಲ್ಲಿ ಸಿಲಿಕಾ ಎಂಬ ಖನಿಜದ ಸಣ್ಣ ಕಣ ಇರುತ್ತದೆ. ಶ್ವಾಸಕೋಶದ ಆಳಕ್ಕಿಳಿದು ಸಿಲಿಕೋಸಿಸ್ ಎಂಬ ಕಾಯಿಲೆ ಆಯಿತೆಂದರೆ ವಾಸಿಯಾಗುವುದಿಲ್ಲ, ಕ್ಷಯ ತಗಲುವ ಸಾಧ್ಯತೆಯೂ ಹೆಚ್ಚು. ಟವೆಲಿಗೆ ಅಷ್ಟು ಸಣ್ಣ ಕಣ ನಿಲ್ಲುವುದಿಲ್ಲ. ನೀರು ಬಿಟ್ಟುಕೊಂಡು ಕತ್ತರಿಸು ಎಂದು ನಾನು ಗದರಿದ್ದೇ ಗದರಿದ್ದು. ಒಂದು ದಿನ ಅವನೇ ನನಗೆ ಲೆಕ್ಕ ಒಪ್ಪಿಸಿದ. ಅವನ ಕೂಲಿ ಚದರ ಅಡಿಯ ಮೇಲೆ. ನೀರು ಬಿಟ್ಟರೆ ಕೆಸರಾಗುತ್ತದೆ, ಪೆನ್ಸಿಲ್ ಗುರುತು ಅಳಿಸುತ್ತದೆ, ಒರೆಸುತ್ತ ಕೂರಬೇಕು. ನನ್ನ ಉಪದೇಶದ ಖರ್ಚೆಲ್ಲ ಅವನ ಜೇಬಿನಿಂದ ಹೋಗುತ್ತಿತ್ತು.

ಗುತ್ತಿಗೆದಾರರೊಂದಿಗೆ ಜಗಳವಾಡಿ ಕತ್ತರಿಸುವವರಿಗೆಲ್ಲ ದಿನಗೂಲಿ ಮಾಡಿಸಿದೆ. ಮರುದಿನವೇ ಅವನು ನೀರಿನ ಬಾಟಲಿಯ ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದು, ಬ್ಲೇಡಿನ ಮೇಲೆ ಹನಿಸುತ್ತಿರು ಎಂದು ಹೆಲ್ಪರ್ ಕೈಗೆ ಕೊಟ್ಟಿದ್ದ! (ಇದನ್ನು ನೀವು ಮಾಡಬೇಡಿ. ಸಾಮಾನ್ಯ ಕಟ್ಟರ್‌ಗೆ ನೀರು ಇಳಿದರೆ ಶಾಕ್ ಹೊಡೆಯುತ್ತದೆ. ನೀರಿನ ಪೈಪ್ ಇರುವ ಕಟ್ಟರನ್ನೇ ತನ್ನಿ, ಕರೆಂಟ್ ಸೋರಿದ ಕೂಡಲೇ ಕಡಿದುಹಾಕುವ ಆರ್‌ಸಿಸಿಬಿ ಸ್ವಿಚ್ ಇಲ್ಲದ ಬೋರ್ಡಿನಿಂದ ಕರೆಂಟ್ ಕೊಡಬೇಡಿ.) ಉಳಿದ ದೂಳಿಗೆ ಎನ್95 ಮಾಸ್ಕ್ ಇರಲಿ, ಆದರೆ ಅದು ನೀರಿನ ನಂತರದ ಮಾತು.

ಉಳಿದದ್ದೂ ಹೀಗೆಯೇ. ಹೆಂಗಸರು ಬಿಸಿಲಲ್ಲೂ ನೀರು ಕುಡಿಯುತ್ತಿಲ್ಲವೆಂದರೆ ಅವರಿಗೆ ಪಾಠ ಹೇಳುವ ಮೊದಲು ಶೌಚಾಲಯಕ್ಕೆ ಒಳಗಿನಿಂದ ಚಿಲಕವಿದೆಯೇ ಎಂದು ನೋಡಿ ಬನ್ನಿ. ಕಾಂಕ್ರೀಟ್ ಹಾಕುವ ದಿನ ಬರಿಗಾಲಲ್ಲಿ ಇಳಿಯುತ್ತಾರೆಂದರೆ ನೀವು ತರಿಸಿದ ಗಂಬೂಟುಗಳೆಲ್ಲ ಒಂದೇ ಅಳತೆಯವು ಇರಬಹುದು; ಹಸಿ ಸಿಮೆಂಟ್ ಸುಣ್ಣದ ಹಾಗೆ ಚರ್ಮ ಸುಡುತ್ತದೆಂದು ನಮಗಿಂತ ಅವರಿಗೇ ಚೆನ್ನಾಗಿ ಗೊತ್ತು. ಆರೋಗ್ಯ ಶಿಬಿರವನ್ನು ಭಾನುವಾರ ಇಟ್ಟರೆ ಯಾರೂ ಬರುವುದಿಲ್ಲ. ಬಟ್ಟೆ ಒಗೆಯುವುದು, ಸಂತೆಗೆ ಹೋಗುವುದು ಅಂದೇ. ಕೆಲಸದ ದಿನ ಇಟ್ಟು, ಪೂರ್ತಿ ಹಾಜರಿ ಹಾಕಿ.

ಇನ್ನೊಂದಿದೆ, ಅದಕ್ಕೆ ನಿಮ್ಮ ಸಹಿ ಬೇಕು. ಕರ್ನಾಟಕದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೊರ ರಾಜ್ಯದವರೂ ನೋಂದಾಯಿಸಿಕೊಳ್ಳಬಹುದು. 18ರಿಂದ 60ರೊಳಗಿನ ವಯಸ್ಸು, ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ ದೃಢೀಕರಣ ಪತ್ರ ಬೇಕು. ವೈದ್ಯಕೀಯ ನೆರವು ಅಲ್ಲಿಂದ ಸಿಗುತ್ತದೆ. ಎಷ್ಟೋ ಗುತ್ತಿಗೆದಾರರು ನಾಳೆ ತಮ್ಮ ತಲೆಗೆ ಏನಾದರೂ ಬಂದೀತೆಂದು ಅಂಜಿ ಆ ಪತ್ರಕ್ಕೆ ಸಹಿ ಹಾಕುವುದೇ ಇಲ್ಲ. ನೀವು ಈ ತಿಂಗಳೇ ಹಾಕಿಕೊಡಿ. ನಾನು ಆ ಹುಡುಗನಿಗೆ ಆಮೇಲೆ ನೋಂದಣಿ ಮಾಡಿಸಿದರಾಯಿತು, ಹಾಗೆಯೇ ಒಂದು ಎಕ್ಸ್‌ರೇಯನ್ನೂ ತೆಗೆಸೋಣ ಎಂದುಕೊಂಡಿದ್ದೆ. ಬಿಹಾರದವರ ಛಠ್ ಹಬ್ಬಕ್ಕೆಂದು ಊರಿಗೆ ಹೋದವನು ಮತ್ತೆ ನಮ್ಮ ಸೈಟಿಗೆ ಬರಲಿಲ್ಲ.