ರೂಟ್ ಕೆನಾಲ್ ಎಂದರೆ ಭಯ. ಮಂಪರು ಬರಿಸಿ ಮಾಡುತ್ತಾರೆಯೇ?

ಮಾಡುತ್ತಾರೆ. ಆದರೆ ನೋವು ತಡೆಯುವುದು ಮಂಪರಲ್ಲ, ಹಲ್ಲನ್ನು ಮರಗಟ್ಟಿಸುವ ಲಿಡೊಕೇಯ್ನ್‌ನಂಥ ಚುಚ್ಚುಮದ್ದು. ಮಂಪರು ಮುಖ್ಯವಾಗಿ ಭಯವನ್ನು ತಗ್ಗಿಸುತ್ತದೆ. ಹಾಗಾಗಿ ಆ ಚುಚ್ಚುಮದ್ದು ತಪ್ಪದು.

ಅಳುಕು ಸ್ವಲ್ಪವೇ ಇದ್ದರೆ ನೈಟ್ರಸ್ ಆಕ್ಸೈಡ್ ಎಂಬ ಅನಿಲ ಸಾಕು. ಮೂಗಿನ ಮೇಲಿಟ್ಟ ಮಾಸ್ಕ್ ಮೂಲಕ ಆಮ್ಲಜನಕದೊಡನೆ ಉಸಿರಾಡುತ್ತೀರಿ. ನಿಲ್ಲಿಸಿದ ಕೆಲವೇ ನಿಮಿಷಗಳಲ್ಲಿ ಅಮಲು ಇಳಿಯುತ್ತದೆ. (ನೆಗಡಿಯಿಂದ ಮೂಗು ಕಟ್ಟಿದ್ದರೆ ಪ್ರಯೋಜನವಿಲ್ಲ.) ಡಯಾಜೆಪಾಮ್‌ನಂಥ ಮಂಪರಿನ ಮಾತ್ರೆ ಸರಳ, ಆದರೆ ಯಾರಿಗೆ ಎಷ್ಟು ಹಿಡಿಯುತ್ತದೆ ಎಂದು ಮೊದಲೇ ಹೇಳುವುದು ಕಷ್ಟ. ವಿಪರೀತ ಭಯವಿರುವವರಿಗೆ ರಕ್ತನಾಳದ ಮೂಲಕ ಮಿಡಜೊಲಾಮ್ ಎಂಬ ಮಂಪರಿನ ಔಷಧಿ ಕೊಡುತ್ತಾರೆ: ಕರೆದರೆ ಓಗೊಡುತ್ತೀರಿ, ಆಮೇಲೆ ನಡೆದದ್ದು ಹೆಚ್ಚಾಗಿ ನೆನಪಿರುವುದಿಲ್ಲ. ಇದಕ್ಕೆ ತರಬೇತಿ ಪಡೆದವರು, ಆಮ್ಲಜನಕ, ರಕ್ತದಲ್ಲಿನ ಆಮ್ಲಜನಕವನ್ನು ಅಳೆಯುವ ಪಲ್ಸ್ ಆಕ್ಸಿಮೀಟರ್ ಇರಲೇಬೇಕು. ಇವಿಲ್ಲದ ಕ್ಲಿನಿಕ್ಕಿನಲ್ಲಿ ನಾನಾದರೆ ಒಪ್ಪುವುದಿಲ್ಲ. ಮಾತ್ರೆಯಾಗಲಿ ಮಿಡಜೊಲಾಮ್ ಆಗಲಿ, ಮನೆಗೆ ಕರೆದೊಯ್ಯಲು ಒಬ್ಬರು ಬೇಕು. 24 ಗಂಟೆ ವಾಹನ ಓಡಿಸಬಾರದು. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ, ಗರ್ಭಧಾರಣೆ, ಮದ್ಯಪಾನ, ಸೇವಿಸುತ್ತಿರುವ ಔಷಧಿಗಳು, ಇವನ್ನು ಮುಚ್ಚಿಡಬೇಡಿ.

ನಿಮ್ಮ ಭಯಕ್ಕೆ ಹಿಂದೊಮ್ಮೆ ಆದ ನೋವೇ ಕಾರಣವಾಗಿದ್ದರೆ ವಿಷಯವೇ ಬೇರೆ. ನರದಲ್ಲಿ ಉರಿಯೂತವಿರುವ ಕೆಳದವಡೆಯ ಹಲ್ಲು ಸುಲಭವಾಗಿ ಮರಗಟ್ಟುವುದಿಲ್ಲ. ಆಗ ಬೇಕಾದದ್ದು ಮಂಪರಲ್ಲ, ಹಲ್ಲಿನ ಬುಡದಲ್ಲೇ ಇನ್ನೊಂದು ಚುಚ್ಚುಮದ್ದು. ನೋವಾದರೆ ಕೈ ಎತ್ತುತ್ತೇನೆ, ನಿಲ್ಲಿಸಿ ಎಂದು ಮೊದಲೇ ಹೇಳಿಡಿ.