ಹುಬ್ಬಳ್ಳಿಯಿಂದ ಕಾರವಾರಕ್ಕೆ ಕ್ಯಾಂಪರ್‌ವ್ಯಾನ್: ಮೊದಲು ಅಂಗಳ ಹುಡುಕಿ, ಆಮೇಲೆ ಗಾಡಿ

ನೀವು ಕೇಳಿದ್ದು ಇಷ್ಟು: ಗಂಡ ಹೆಂಡತಿ, ಎರಡು ಮಕ್ಕಳು, ವಯಸ್ಸಾದ ಅವ್ವ, ಒಟ್ಟು ಐದು ಮಂದಿ. ಹುಬ್ಬಳ್ಳಿಯಿಂದ ಹೊರಟು ಮೂರು ರಾತ್ರಿ ಕಾರವಾರ ಮತ್ತು ಸುತ್ತಲಿನ ಕಾಡು, ಜಲಪಾತ ನೋಡಬೇಕು. ಕ್ಯಾಂಪರ್‌ವ್ಯಾನ್, ಅಂದರೆ ಒಳಗೇ ಹಾಸಿಗೆ, ಒಲೆ ಇರುವ ಗಾಡಿ, ಬಾಡಿಗೆಗೆ ಹಿಡಿಯುವಾಗ ಏನೇನು ನೋಡಬೇಕು?

ಗಾಡಿ ನೋಡುವ ಮೊದಲು ರಾತ್ರಿ ಅದು ಎಲ್ಲಿ ನಿಲ್ಲುತ್ತದೆ ಅನ್ನುವುದನ್ನು ಗಟ್ಟಿ ಮಾಡಿಕೊಳ್ಳಿ. ಬಹಳ ಮಂದಿ ಇದನ್ನು ಉಲ್ಟಾ ಮಾಡುತ್ತಾರೆ. ಗಾಡಿ ಹಿಡಿದು, ಮುಂಗಡ ಕೊಟ್ಟು, ಕಾರವಾರ ಮುಟ್ಟಿದ ಮೇಲೆ ಸಂಜೆ ಆರಕ್ಕೆ ಜಾಗ ಹುಡುಕಲು ಶುರು ಮಾಡುತ್ತಾರೆ. ಟ್ಯಾಗೋರ್ ಕಡಲತೀರದ ರಸ್ತೆ ಪಕ್ಕ ರಾತ್ರಿ ಮಲಗುತ್ತೇವೆ ಅಂದರೆ ಪೊಲೀಸರು ಎಬ್ಬಿಸುತ್ತಾರೆ. ಹೆದ್ದಾರಿ ಪಕ್ಕ ಲಾರಿಗಳ ನಡುವೆ ಮಕ್ಕಳನ್ನು ಕಟ್ಟಿಕೊಂಡು ಮಲಗುವುದು ಬೇಡ. ಕಾಡಿನಲ್ಲಂತೂ ಮಾತೇ ಇಲ್ಲ: ಕಾರವಾರದಿಂದ ಕದ್ರಾ, ಅಣಶಿ ದಾಟಿ ಜೋಯಿಡಾಕ್ಕೆ ಹೋಗುವ ದಾರಿ ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗೆ ಹಾಯುತ್ತದೆ. ಅಲ್ಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ರಸ್ತೆ ಪಕ್ಕ ರಾತ್ರಿ ಕಳೆದರೆ ಅದು ಅಪರಾಧ.

ನಿಮ್ಮ ಕುಟುಂಬಕ್ಕೆ ನಾನು ಹೇಳುವ ಲೆಕ್ಕ ಇದು. ಕಾರವಾರದ ಹತ್ತಿರ ಅಗಲವಾದ ಅಂಗಳ ಇರುವ ಒಂದು ಹೋಂಸ್ಟೇಯಲ್ಲಿ ಒಂದೇ ಒಂದು ಕೋಣೆ ಹಿಡಿಯಿರಿ, ಗಾಡಿ ಆ ಅಂಗಳದಲ್ಲಿ ನಿಲ್ಲಲಿ. ಅವ್ವ ಕೋಣೆಯಲ್ಲಿ, ಉಳಿದ ನಾಲ್ವರು ಗಾಡಿಯಲ್ಲಿ. ಆ ಒಂದು ಕೋಣೆಯಿಂದ ನಿಮಗೆ ಪಾಯಿಖಾನೆ, ಸ್ನಾನದ ನೀರು, ಕರೆಂಟಿನ ಪ್ಲಗ್ಗು ಮೂರೂ ಸಿಗುತ್ತವೆ. ಅಟ್ಟದಂಥ ಮೇಲಿನ ಹಾಸಿಗೆಗೆ ಹತ್ತುವುದು, ನಡುರಾತ್ರಿ ಎತ್ತರದ ಮೆಟ್ಟಿಲು ಇಳಿಯುವುದು ಮೊಣಕಾಲು ನೋವಿದ್ದವರಿಗೆ ಆಗುವ ಮಾತಲ್ಲ.

ಹೋಂಸ್ಟೇಯವರಿಗೆ ಫೋನ್ ಮಾಡಿದಾಗ ‘ಗಾಡಿ ನಿಲ್ಲಿಸಲು ಜಾಗ ಇದೆಯೇ’ ಎಂದಷ್ಟೇ ಕೇಳಬೇಡಿ, ಎಲ್ಲರೂ ಇದೆ ಅನ್ನುತ್ತಾರೆ. ಗಾಡಿಯ ಉದ್ದ, ಎತ್ತರ ಹೇಳಿ ಕೇಳಿ. ಟೆಂಪೋ ಟ್ರಾವೆಲರ್ ಮೇಲೆ ಕಟ್ಟಿದ ಗಾಡಿಗೆ, ಚಾವಣಿಯ ಎಸಿ ಸೇರಿಸಿದರೆ, ಹತ್ತು ಅಡಿ ಎತ್ತರ ಬೇಕಾಗಬಹುದು. ಗೇಟಿನ ಕಮಾನು, ಓಣಿಗೆ ಅಡ್ಡ ಹೋದ ಕೇಬಲ್ಲು, ರೈಲು ಹಳಿಯ ಕೆಳಗಿನ ಸಣ್ಣ ದಾರಿ, ಇವು ಮೂರೂ ಕರಾವಳಿಯ ಹಳ್ಳಿಗಳಲ್ಲಿ ಗಾಡಿಯನ್ನು ತಡೆಯುವ ಜಾಗಗಳು. ಎತ್ತರವನ್ನು ಅಡಿ ಲೆಕ್ಕದಲ್ಲಿ ಬರೆದು ಸ್ಟೇರಿಂಗ್ ಮುಂದೆ ಅಂಟಿಸಿ. ತೆಂಗಿನ ಮರದ ಕೆಳಗೆ ಮಾತ್ರ ನಿಲ್ಲಿಸಬೇಡಿ. ಒಂದು ಕಾಯಿ ಬಿದ್ದರೆ ಚಾವಣಿಯ ಸೋಲಾರ್ ಹಲಗೆ ಚೂರು.

ಈಗ ಗಾಡಿಗೆ ಬರೋಣ. ಬಾಡಿಗೆಗೆ ಸಿಗುವ ಕ್ಯಾಂಪರ್‌ವ್ಯಾನುಗಳು ಹೆಚ್ಚಾಗಿ ಬೆಂಗಳೂರಿನಲ್ಲಿವೆ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಸುಮಾರು 410 ಕಿ.ಮೀ. ಬಾಡಿಗೆಯ ಮೀಟರು ಅವರ ಗ್ಯಾರೇಜಿನಿಂದ ಓಡಲು ಶುರುವಾದರೆ, ನೀವು ಹತ್ತುವ ಮೊದಲು ಮತ್ತು ಇಳಿದ ನಂತರ ಸೇರಿ 820 ಕಿ.ಮೀ. ಖಾಲಿ ಓಟದ ದುಡ್ಡು ನಿಮ್ಮ ತಲೆಗೆ. ನಿಮ್ಮ ನಿಜವಾದ ತಿರುಗಾಟ ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು: ಹುಬ್ಬಳ್ಳಿಯಿಂದ ಕಾರವಾರ ಹೋಗಿ ಬರಲು ಸುಮಾರು 330, ಸುತ್ತಲಿನ ಓಡಾಟ ಸೇರಿ 450. ಹಾಗಾಗಿ ಮೊದಲ ಪ್ರಶ್ನೆ ‘ದಿನಕ್ಕೆ ಎಷ್ಟು’ ಅಲ್ಲ, ‘ಕಿಲೋಮೀಟರು ಎಲ್ಲಿಂದ ಎಲ್ಲಿಗೆ ಲೆಕ್ಕ, ದಿನಕ್ಕೆ ಕನಿಷ್ಠ ಎಷ್ಟು ಕಿ.ಮೀ. ಕಟ್ಟಬೇಕು’. ಹುಬ್ಬಳ್ಳಿ ಧಾರವಾಡದಲ್ಲೇ ಒಂದು ಗಾಡಿ ಸಿಕ್ಕರೆ, ಸೌಕರ್ಯ ಸ್ವಲ್ಪ ಕಡಿಮೆ ಇದ್ದರೂ ಅದನ್ನೇ ಹಿಡಿಯಿರಿ. ಡೀಸೆಲ್ ಲೀಟರಿಗೆ 9ರಿಂದ 10 ಕಿ.ಮೀ. ಅಂತ ಹಿಡಿದರೆ 450ಕ್ಕೆ 45ರಿಂದ 50 ಲೀಟರ್ ಸಾಕು.

ಬೋರ್ಡಿನ ಬಣ್ಣ ನೋಡಿ. ಡ್ರೈವರ್ ಸಮೇತ ಬರುವ ಬಾಡಿಗೆ ಗಾಡಿಗೆ ಹಳದಿ ಬೋರ್ಡು, ಕಪ್ಪು ಅಕ್ಷರ. ನೀವೇ ಓಡಿಸುವ ಬಾಡಿಗೆ ಗಾಡಿಗೆ ಕಪ್ಪು ಬೋರ್ಡು, ಹಳದಿ ಅಕ್ಷರ. ಬಿಳಿ ಬೋರ್ಡಿನ ಗಾಡಿ ಅಗ್ಗಕ್ಕೆ ಸಿಗುತ್ತದೆ, ಆದರೆ ಅದನ್ನು ಬಾಡಿಗೆಗೆ ಕೊಡುವುದು ಕಾನೂನಿಗೆ ವಿರುದ್ಧ, ಅಪಘಾತವಾದರೆ ವಿಮೆಯವರು ಕೈ ಎತ್ತುತ್ತಾರೆ. ಘಟ್ಟ ಇಳಿಯುವ ಪ್ರವಾಸಕ್ಕೆ ಆ ಉಳಿತಾಯ ಬೇಡವೇ ಬೇಡ. ಲೈಸೆನ್ಸ್ ಬಗ್ಗೆ ಚಿಂತೆ ಇದ್ದರೆ: ಒಟ್ಟು ತೂಕ 7,500 ಕೆ.ಜಿ. ಮೀರದ ಸಾರಿಗೆ ವಾಹನವನ್ನು ಎಲ್‌ಎಂವಿ (ಲಘು ಮೋಟಾರು ವಾಹನ) ಲೈಸೆನ್ಸ್ ಇದ್ದವರು ಓಡಿಸಬಹುದು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿದೆ. ಕಾನೂನು ಬಿಡುತ್ತದೆ ಅಂದ ಮಾತ್ರಕ್ಕೆ ಕೈ ಪಳಗಿರುವುದಿಲ್ಲ. ಕಾರು ಮಾತ್ರ ಓಡಿಸಿದವರು ಮೂರು ನಾಲ್ಕು ಟನ್ನಿನ ಗಾಡಿಯನ್ನು ಮೊದಲ ಸಲ ಅರಬೈಲ್ ಘಟ್ಟದಲ್ಲಿ ಇಳಿಸಬಾರದು. ಡ್ರೈವರ್ ಇಟ್ಟುಕೊಳ್ಳಿ. ಇಟ್ಟುಕೊಂಡರೆ ಅವರು ಎಲ್ಲಿ ಮಲಗುತ್ತಾರೆ ಎಂಬುದನ್ನೂ ಮೊದಲೇ ಕೇಳಿ ತೀರ್ಮಾನಿಸಿ. ನಾಲ್ಕು ಹಾಸಿಗೆಯ ಗಾಡಿಯಲ್ಲಿ ಅವರಿಗೆ ಜಾಗ ಇರುವುದಿಲ್ಲ. ರಾತ್ರಿ ಸೀಟಿನ ಮೇಲೆ ಮುದುಡಿ ಮಲಗಿದ ಮನುಷ್ಯ ಮರುದಿನ ಘಟ್ಟ ಹತ್ತಿಸಬೇಕು. ಭತ್ಯೆಯ ಜೊತೆ ಅವರಿಗೆ ಮಲಗುವ ಜಾಗದ ದುಡ್ಡನ್ನೂ ಲೆಕ್ಕದಲ್ಲಿ ಸೇರಿಸಿ.

ಗಾಡಿ ಕೈಗೆ ತಗೊಳ್ಳುವಾಗ ಒಂದು ತಾಸು ಬೇಕು. ಹತ್ತು ನಿಮಿಷಕ್ಕೆ ಕೀಲಿ ಇಸಕೊಂಡು ಬರಬೇಡಿ. ಆರ್‌ಸಿ, ವಿಮೆ, ಪರ್ಮಿಟ್, ಫಿಟ್‌ನೆಸ್, ಹೊಗೆ ತಪಾಸಣೆ ಪತ್ರ, ಇವುಗಳ ದಿನಾಂಕ ನೋಡಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2322 ಅಂತಿದ್ದರೆ 2022ರ 23ನೇ ವಾರದಲ್ಲಿ ತಯಾರಾದದ್ದು. ಈ ಗಾಡಿಗಳು ತಿಂಗಳುಗಟ್ಟಲೆ ನಿಂತಲ್ಲೇ ನಿಲ್ಲುತ್ತವೆ, ಅದಕ್ಕೆ ಹಲ್ಲು ಸವೆಯದೆ ರಬ್ಬರ್ ಮಾತ್ರ ಒಡೆದಿರುತ್ತದೆ. ಐದಾರು ವರ್ಷ ದಾಟಿದ ಟೈರು ಇದ್ದರೆ ಬೇರೆ ಗಾಡಿ ಕೇಳಿ. ಸ್ಟೆಪ್ನಿಯ ಗಾಳಿ ನೋಡಿ, ಜಾಕು ಈ ತೂಕ ಎತ್ತುತ್ತದೆಯೇ ನೋಡಿ. ಓಡುವಾಗ ಮಕ್ಕಳು ಹಾಸಿಗೆಯ ಮೇಲೆ ಕೂರುವಂತಿಲ್ಲ, ಆದ್ದರಿಂದ ಬೆಲ್ಟ್ ಇರುವ ಸೀಟುಗಳನ್ನು ಎಣಿಸಿ. ಡ್ರೈವರ್ ಬಿಟ್ಟು ಐದು ಇರಲೇಬೇಕು.

ಬ್ಯಾಟರಿಯ ವಿಷಯದಲ್ಲಿ ಮಾಲೀಕರ ಮಾತಿಗಿಂತ ಲೆಕ್ಕ ನಂಬಿ. 12 ವೋಲ್ಟಿನ ಫ್ರಿಜ್ 45 ವ್ಯಾಟ್ ಎಳೆಯುತ್ತದೆ, ಕರಾವಳಿಯ ಸೆಕೆಯಲ್ಲಿ ಅರ್ಧ ಹೊತ್ತು ಓಡುತ್ತದೆ ಅಂದರೂ ದಿನಕ್ಕೆ 540 ವ್ಯಾಟ್‌ಅವರ್. 20 ವ್ಯಾಟಿನ ಎರಡು ಫ್ಯಾನು ಎಂಟು ತಾಸಿಗೆ 320. ದೀಪಕ್ಕೆ 100, ಮೊಬೈಲುಗಳಿಗೆ 100. ಒಟ್ಟು 1,060. ಗಾಡಿಯಲ್ಲಿ 150 ಆಂಪಿಯರ್‌ಅವರಿನ ಆ್ಯಸಿಡ್ ಬ್ಯಾಟರಿ ಇದ್ದರೆ, 12 ವೋಲ್ಟಿನಿಂದ ಗುಣಿಸಿ, ಕಾಗದದ ಮೇಲೆ 1,800, ಆದರೆ ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಿದರೆ ಅದು ಬೇಗ ಕೆಡುತ್ತದೆ. ಕೈಗೆ ಸಿಗುವುದು 900, ಬೆಳಗಿನ ಜಾವ ಫ್ಯಾನು ನಿಲ್ಲುತ್ತದೆ. 100 ಆಂಪಿಯರ್‌ಅವರಿನ ಲಿಥಿಯಂ ಇದ್ದರೆ ಸುಮಾರು 1,150 ಬಳಸಬಹುದು, ಒಂದು ರಾತ್ರಿ ಹಗಲು ಸರಿಯಾಗಿ ತೂಗುತ್ತದೆ. ಪರೀಕ್ಷೆ ಸುಲಭ. ಆ್ಯಸಿಡ್ ಬ್ಯಾಟರಿಯಾದರೆ ಎಂಜಿನ್ ನಿಲ್ಲಿಸಿ ತಾಸು ಬಿಟ್ಟು ಮೀಟರ್ ಇಡಿ: 12.6 ವೋಲ್ಟ್ ಇದ್ದರೆ ತುಂಬಿದೆ, 12.2 ಇದ್ದರೆ ಅರ್ಧ. ಆಮೇಲೆ ಫ್ರಿಜ್, ಫ್ಯಾನು, ದೀಪ ಎಲ್ಲ ಹಾಕಿ ಅರ್ಧ ತಾಸು ಓಡಿಸಿ, ಎಲ್ಲ ಆರಿಸಿ, ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿ. ಆಗಲೂ 12.2ರ ಕೆಳಗೆ ಕುಸಿದಿದ್ದರೆ ಆ ಬ್ಯಾಟರಿ ಮುದಿಯಾಗಿದೆ. ಲಿಥಿಯಂಗೆ ಈ ಪರೀಕ್ಷೆ ನಡೆಯುವುದಿಲ್ಲ, ಅದರ ವೋಲ್ಟೇಜು ಕೊನೆಯವರೆಗೂ ಹೆಚ್ಚು ಇಳಿಯುವುದಿಲ್ಲ.

ರಾತ್ರಿಯಿಡೀ ಎಸಿ ಬೇಕಾದರೆ ಸುಮಾರು ಐದು ಯುನಿಟ್, ಅಂದರೆ 5,000 ವ್ಯಾಟ್‌ಅವರ್ ಕರೆಂಟು ಬೇಕು. ಅಂಥ ಲಿಥಿಯಂ ಬ್ಯಾಟರಿಗಳು ನಾಲ್ಕೈದು ಬೇಕಾಗುತ್ತವೆ. ಅಂದರೆ ಎಸಿ ಓಡುವುದು ಗೋಡೆಯ ಪ್ಲಗ್ಗಿನಿಂದ ಮಾತ್ರ. ಹೋಂಸ್ಟೇಯಲ್ಲಿ 16 ಆಂಪಿಯರಿನ ದೊಡ್ಡ ಪ್ಲಗ್ಗು ಕೇಳಿ, ಅರ್ಥಿಂಗ್ ಇದೆಯೇ ಎಂದು ಪರೀಕ್ಷಿಸಿ. ಗಾಡಿಯ ಮೈ ಕಬ್ಬಿಣ, ಅಂಗಳ ಒದ್ದೆ. ಅರ್ಥಿಂಗ್ ಇಲ್ಲದ ಪ್ಲಗ್ಗಿಗೆ ಗಾಡಿ ಜೋಡಿಸಬೇಡಿ. ವೈರು 2.5 ಚದರ ಮಿ.ಮೀ.ನದು, 20 ಮೀಟರ್, ನಿಮ್ಮದೇ ಒಯ್ಯಿರಿ, ಸುರುಳಿ ಪೂರ್ತಿ ಬಿಚ್ಚಿ ಬಳಸಿ. ಸುತ್ತಿಟ್ಟ ವೈರಿನಲ್ಲಿ ಎಸಿ ಓಡಿಸಿದರೆ ಕಾವು ಹೊರಹೋಗದೆ ಮೇಲಿನ ರಬ್ಬರು ಕರಗುತ್ತದೆ. ಎಂಜಿನ್ ಚಾಲೂ ಇಟ್ಟು ಎಸಿ ಹಾಕಿಕೊಂಡು ಮಲಗುವುದಂತೂ ಒಮ್ಮೆಯೂ ಬೇಡ. ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ. ನವೆಂಬರ್‌ನಿಂದ ಫೆಬ್ರುವರಿವರೆಗೆ ಕಿಟಕಿಗೆ ಸೊಳ್ಳೆ ಜಾಲರಿ ಮತ್ತು ಎರಡು ಫ್ಯಾನು ಇದ್ದರೆ ಎಸಿ ಇಲ್ಲದೆ ನಡೆಯುತ್ತದೆ.

ಅಡುಗೆಗೆ 5 ಕೆ.ಜಿ. ಸಿಲಿಂಡರ್ ಸಾಕು, ಅದು ಪಟ್ಟಿಯಲ್ಲಿ ಬಿಗಿದು ನೆಟ್ಟಗೆ ನಿಂತಿರಬೇಕು. ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ನಿಲ್ಲುತ್ತದೆ. ಆದ್ದರಿಂದ ಸಿಲಿಂಡರ್ ಇರುವ ಗೂಡಿಗೆ ತಳದಲ್ಲಿ ತೂತು ಇರಲೇಬೇಕು, ಇಲ್ಲದಿದ್ದರೆ ಆ ಗಾಡಿ ಬೇಡ. ಇಂಡಕ್ಷನ್ ಒಲೆ ನಂಬಬೇಡಿ, ಇನ್ವರ್ಟರ್ ಟ್ರಿಪ್ ಆಗುತ್ತದೆ. ನಮ್ಮ ಕಡೆಯವರಿಗೆ ಇನ್ನೊಂದು ಅನುಕೂಲ ಇದೆ: ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಕೆಂಪು ಖಾರ ಕಟ್ಟಿಕೊಂಡರೆ ಮೂರು ದಿನ ಒಲೆ ಚಹಾಕ್ಕೆ ಮಾತ್ರ. ಕರಾವಳಿಯ ತೇವದ ಗಾಳಿಗೆ ರೊಟ್ಟಿ ಒಂದೇ ರಾತ್ರಿಯಲ್ಲಿ ಮೆತ್ತಗಾಗುತ್ತದೆ, ಬಟ್ಟೆಯಲ್ಲಿ ಸುತ್ತಿಡದೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ.

ಗಾಡಿಯೊಳಗಿನ ಪಾಯಿಖಾನೆ ಎಂದರೆ 20 ಲೀಟರಿನ ಒಂದು ಡಬ್ಬಿ. ನಾಲ್ವರು ಬಳಸಿದರೆ ಎರಡು ದಿನವೂ ಬಾಳುವುದಿಲ್ಲ. ರಾತ್ರಿಯ ತುರ್ತಿಗೆ ಮಾತ್ರ ಇಟ್ಟುಕೊಳ್ಳಿ, ಹೋಂಸ್ಟೇಯವರನ್ನು ಕೇಳಿ ಅವರ ಪಾಯಿಖಾನೆಗೇ ಸುರಿಯಿರಿ. ಪಾತ್ರೆ ತೊಳೆದ ನೀರನ್ನೂ ಹಳ್ಳಕ್ಕೆ ಬಿಡಬೇಡಿ. ಧಾರವಾಡದ ಸೋಮೇಶ್ವರದಲ್ಲಿ ಹುಟ್ಟಿದ ಶಾಲ್ಮಲೆ ಬೇಡ್ತಿಯನ್ನು ಕೂಡಿ, ಗಂಗಾವಳಿ ಎಂಬ ಹೆಸರಿನಿಂದ ಅಂಕೋಲಾದ ಆಚೆ ಸಮುದ್ರ ಸೇರುತ್ತಾಳೆ. ಘಟ್ಟ ಇಳಿದ ಮೇಲೆ ನೀವು ಹೋಗುವ ಹೆದ್ದಾರಿ ಆ ಕಣಿವೆಯದ್ದೇ. ನಮ್ಮೂರಿನ ನೀರು ಅದು, ಅಲ್ಲಿಯವರು ಅದನ್ನೇ ಕುಡಿಯುತ್ತಾರೆ.

ದಾರಿ ಕಲಘಟಗಿ, ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ, ಕಾರವಾರ. ಬೆಳಿಗ್ಗೆ ಆರಕ್ಕೆ ಬಿಡಿ, ಸುಮಾರು 70 ಕಿ.ಮೀ. ದೂರದ ಯಲ್ಲಾಪುರದಲ್ಲಿ ನಾಷ್ಟಾ, ಘಟ್ಟವನ್ನು ಬೆಳಕಿನಲ್ಲೇ ಇಳಿಯಿರಿ. ನೀರಿನ ಟಾಕಿ ತುಂಬಿಕೊಂಡು ಇಳಿಯಬೇಡಿ, 100 ಲೀಟರ್ ಅಂದರೆ 100 ಕೆ.ಜಿ. ಕುಡಿಯಲು 20 ಲೀಟರಿನ ಎರಡು ಕ್ಯಾನು ಮನೆಯಿಂದ ಒಯ್ಯಿರಿ, ಟಾಕಿಯನ್ನು ಘಟ್ಟ ಇಳಿದ ಮೇಲೆ ತುಂಬಿಸಿ. ಸಮುದ್ರಕ್ಕೆ ತೀರ ಹತ್ತಿರದ ಬಾವಿಯ ನೀರು ಉಪ್ಪಾಗಿರಬಹುದು, ರುಚಿ ನೋಡಿ. ಇಳಿಜಾರಿನಲ್ಲಿ ಎರಡನೇ ಅಥವಾ ಮೂರನೇ ಗೇರು, ನ್ಯೂಟ್ರಲ್ ಎಂದಿಗೂ ಬೇಡ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಲೈನರ್ ಕಾದು ಹಿಡಿತ ಬಿಡುತ್ತದೆ. ಸುಟ್ಟ ವಾಸನೆ ಬಂದರೆ ಅಗಲ ಜಾಗದಲ್ಲಿ ನಿಲ್ಲಿಸಿ ಅರ್ಧ ತಾಸು ಬಿಡಿ, ನೀರು ಸುರಿಯಬೇಡಿ, ಕಾದ ಡ್ರಮ್ಮು ಸೀಳುತ್ತದೆ.

ಮಳೆಗಾಲದಲ್ಲಿ ಈ ಪ್ರವಾಸ ಬೇಡ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲಿದ್ದ ಜೀವಗಳು ಹೋದವು. ಅದೇ ವರ್ಷ ಆಗಸ್ಟ್ 7ರಂದು ಕಾರವಾರದ ಹಳೆಯ ಕಾಳಿ ಸೇತುವೆ ಮುರಿದು ಬಿತ್ತು.

ಕಾರವಾರದಲ್ಲಿ ಗಾಡಿ ಅಂಗಳದಲ್ಲೇ ಇರಲಿ, ಓಡಾಟಕ್ಕೆ ಆಟೊ ಹಿಡಿಯಿರಿ. ಟ್ಯಾಗೋರ್ ತೀರ, ಪಕ್ಕದ ಯುದ್ಧನೌಕೆ ಸಂಗ್ರಹಾಲಯ, ಕೋಡಿಬಾಗದ ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ನದಿಯಾಚೆ ಸದಾಶಿವಗಡ, ಎಲ್ಲ ಹತ್ತಿರ ಹತ್ತಿರ. ದಕ್ಷಿಣಕ್ಕೆ ಅರಗಾದ ಕಡೆ ನೌಕಾನೆಲೆ ಇದೆ. ಅಲ್ಲಿ ಗಾಡಿ ನಿಲ್ಲಿಸುವುದು, ಫೋಟೊ, ಡ್ರೋನ್ ಏನೂ ಬೇಡ. ಗೋವಾಕ್ಕೆ ಹೋಗುವ ಆಸೆ ಇದ್ದರೆ ಗಾಡಿಗೆ ಹೊರರಾಜ್ಯದ ಪರ್ಮಿಟ್ ಇದೆಯೇ ಎಂದು ಹುಬ್ಬಳ್ಳಿಯಲ್ಲೇ ನೋಡಿ.

ಮರಳಿಗೆ ಗಾಡಿ ಇಳಿಸಬೇಡಿ. ಮೇಲಿನಿಂದ ಗಟ್ಟಿಯಾಗಿ ಕಾಣುವ ಒದ್ದೆ ಮರಳು ಮೂರು ಟನ್ನಿಗೆ ಕುಸಿಯುತ್ತದೆ, ಸಮುದ್ರದ ಭರತ (ಉಬ್ಬರ) ಬರಲು ಹೆಚ್ಚೆಂದರೆ ಆರು ತಾಸು. ಸಿಕ್ಕಿಬಿದ್ದರೆ ಆ್ಯಕ್ಸಿಲರೇಟರ್ ಒತ್ತುತ್ತಾ ಹೋಗಬೇಡಿ, ಚಕ್ರ ಹೂತು ಹೋಗುತ್ತದೆ. ಕೈಯಿಂದ ಮರಳು ತೋಡಿ, ಚಕ್ರದ ಮುಂದೆ ಗೋಣಿಚೀಲ ಹಾಸಿ, ಎಲ್ಲರೂ ಇಳಿದು, ನಿಧಾನಕ್ಕೆ ಬಂದ ದಾರಿಯಲ್ಲೇ ಹಿಂದಕ್ಕೆ ತೆಗೆಯಿರಿ.

ಜಲಪಾತವನ್ನು ವಾಪಸ್ ಬರುವ ದಿನಕ್ಕೆ ಇಡಿ. ಯಲ್ಲಾಪುರದಿಂದ ಸುಮಾರು 20 ಕಿ.ಮೀ. ಒಳಗೆ ಮಾಗೋಡು, ಬೇಡ್ತಿ ನದಿಯೇ ಅಲ್ಲಿ ಧುಮುಕುತ್ತದೆ, ಹತ್ತಿರದಲ್ಲೇ ಜೇನುಕಲ್ಲು ಗುಡ್ಡ. ರಸ್ತೆ ಕಿರಿದು, ಆದರೂ ದೊಡ್ಡ ಗಾಡಿ ಹೋಗುತ್ತದೆ. ಸಾತೊಡ್ಡಿ ಜಲಪಾತಕ್ಕೆ ಈ ಗಾಡಿ ಒಯ್ಯಬೇಡಿ, ಕೊನೆಯ ಕಚ್ಚಾ ದಾರಿಯಲ್ಲಿ ಎದುರಿಗೆ ಜೀಪು ಬಂದರೆ ಹಿಂದೆ ಸರಿಯಲು ಜಾಗವಿಲ್ಲ. ಯಲ್ಲಾಪುರದಲ್ಲಿ ಬೇರೆ ಸಣ್ಣ ಗಾಡಿ ಮಾಡಿಕೊಳ್ಳಿ.

ಹುಬ್ಬಳ್ಳಿ ಮುಟ್ಟಿದ ಮೇಲೆ ಗಾಡಿ ಒಪ್ಪಿಸುವ ಮೊದಲು ಸರ್ವಿಸ್ ಸ್ಟೇಷನ್ನಿನಲ್ಲಿ ತಳಕ್ಕೆ ಸಿಹಿನೀರು ಹೊಡೆಸಿ. ಉಪ್ಪು ಗಾಳಿಯ ಪದರ ಉಳಿದರೆ ಕಬ್ಬಿಣ ತಿನ್ನುತ್ತದೆ, ಅದರ ಖರ್ಚನ್ನು ಠೇವಣಿಯಿಂದ ಮುರಿದುಕೊಳ್ಳುವ ಷರತ್ತು ಕೆಲವು ಕರಾರುಗಳಲ್ಲಿ ಇರುತ್ತದೆ. ಹೊರಡುವ ದಿನ ಒಳಗೆ, ಹೊರಗೆ, ತಳ, ಚಾವಣಿ ಎಲ್ಲದರ ವಿಡಿಯೊ ಮಾಡಿದ್ದರೆ, ಅದೇ ಕ್ರಮದಲ್ಲಿ ಇನ್ನೊಂದು ಮಾಡಿ, ಠೇವಣಿ ಕೈಗೆ ಬರುವವರೆಗೆ ಎರಡನ್ನೂ ಅಳಿಸಬೇಡಿ.