ಗರ್ಭಿಣಿ ನರ್ಸ್ ಮತ್ತು ರಾತ್ರಿ ಪಾಳಿ: ಬ್ರಿಟನ್ನಿಗೆ ಹೊಸದಾಗಿ ಬಂದವರೊಬ್ಬರಿಗೆ ಉತ್ತರ

ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿದೆ, ಈಗ 11 ವಾರದ ಗರ್ಭಿಣಿ, ಮುಂದಿನ ಡ್ಯೂಟಿ ಪಟ್ಟಿಯಲ್ಲಿ ಸಾಲಾಗಿ ನಾಲ್ಕು ರಾತ್ರಿ ಪಾಳಿಗಳು ಬಂದಿವೆ, ವೀಸಾಕ್ಕೆ ತೊಂದರೆಯಾದೀತೆಂಬ ಭಯದಿಂದ ವಾರ್ಡ್ ಮ್ಯಾನೇಜರ್‌ಗೆ ಇನ್ನೂ ವಿಷಯ ತಿಳಿಸಿಲ್ಲ ಎಂದು ಬರೆದಿದ್ದೀರಿ. ನನ್ನನ್ನು ಅಕ್ಕ ಎಂದು ಕರೆದು ಕೇಳಿದ್ದೀರಿ; ಆ ಸಲುಗೆಯಿಂದಲೇ ಉತ್ತರಿಸುತ್ತೇನೆ. ವೀಸಾದ ಮಾತನ್ನು ಮೊದಲು ಮುಗಿಸೋಣ, ಏಕೆಂದರೆ ಆ ಭಯ ಇರುವವರೆಗೆ ಉಳಿದ ಯಾವ ಸಲಹೆಯೂ ನಿಮ್ಮ ಕೈಹಿಡಿಯುವುದಿಲ್ಲ.

ಗರ್ಭಿಣಿಯಾದ ಕಾರಣಕ್ಕೆ ಒಬ್ಬಳನ್ನು ಕೆಲಸದಿಂದ ತೆಗೆಯುವುದು ಇಲ್ಲಿ ಕಾನೂನುಬಾಹಿರ. ಈ ರಕ್ಷಣೆ ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ ಸಿಗುತ್ತದೆ, ಮತ್ತು ಅದರಲ್ಲಿ ವೀಸಾದ ಮೇಲೆ ಬಂದವರು, ಇಲ್ಲಿಯೇ ಹುಟ್ಟಿದವರು ಎಂಬ ಭೇದವಿಲ್ಲ. ವರ್ಷದಲ್ಲಿ ನಾಲ್ಕು ವಾರಗಳಿಗಿಂತ ಹೆಚ್ಚು ಕಾಲ ಸಂಬಳವಿಲ್ಲದೆ ಗೈರುಹಾಜರಾದರೆ ವೀಸಾಕ್ಕೆ ಆಧಾರವಾದ ಉದ್ಯೋಗದಾತರ ಪ್ರಾಯೋಜಕತ್ವ (ಸ್ಪಾನ್ಸರ್‌ಶಿಪ್) ರದ್ದಾಗಬಹುದು ಎಂದು ನೀವು ಕೇಳಿರುವುದು ನಿಜವಾದರೂ, ಹೆರಿಗೆ ರಜೆಯನ್ನು ಆ ಲೆಕ್ಕದಿಂದ ಸ್ಪಷ್ಟವಾಗಿ ಹೊರಗಿಟ್ಟಿದ್ದಾರೆ. ಶಾಸನಬದ್ಧ ಹೆರಿಗೆ ವೇತನವೂ ನಿಮ್ಮ ವೀಸಾದಲ್ಲಿ ನಿಷೇಧಿಸಿರುವ ಸಾರ್ವಜನಿಕ ನಿಧಿಯ, ಅಂದರೆ ಸರ್ಕಾರಿ ನೆರವಿನ, ಪಟ್ಟಿಗೆ ಸೇರಿಲ್ಲ. ಈ ಭಯಕ್ಕೆ ಮಣಿದು ಐದಾರು ತಿಂಗಳವರೆಗೆ ಬಸಿರನ್ನು ಮುಚ್ಚಿಟ್ಟುಕೊಂಡು ರೋಗಿಗಳನ್ನು ಎತ್ತಿ ಇಳಿಸಿದ ಹುಡುಗಿಯರನ್ನು ನಾನು ಕಂಡಿದ್ದೇನೆ, ಅದಕ್ಕಾಗಿಯೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ನೀವು ಇಂದೇ ಮಾಡಬೇಕಾದ ಕೆಲಸವೆಂದರೆ ಗರ್ಭಿಣಿ ಎಂಬುದನ್ನು ವಾರ್ಡ್ ಮ್ಯಾನೇಜರ್‌ಗೆ ಬರಹದಲ್ಲಿ ತಿಳಿಸುವುದು. ಬಾಯಿಮಾತು ಸಾಲದು. ಕೆಲಸದ ಸ್ಥಳದ ಆರೋಗ್ಯ ಮತ್ತು ಸುರಕ್ಷತೆಯನ್ನು ಕುರಿತ 1999ರ ನಿಯಮಗಳ ಪ್ರಕಾರ ಗರ್ಭಿಣಿಯ ವಿಷಯದಲ್ಲಿ ಆಸ್ಪತ್ರೆಗೆ ವಿಶೇಷ ಹೊಣೆಗಳಿವೆ, ಆದರೆ ಅವುಗಳಲ್ಲಿ ಹೆಚ್ಚಿನವು ಜಾರಿಗೆ ಬರುವುದು ಲಿಖಿತ ಸೂಚನೆ ಕೈಸೇರಿದ ಮೇಲೆಯೇ. ಎರಡು ಸಾಲಿನ ಇಮೇಲ್ ಸಾಕು: ಇಷ್ಟು ವಾರಗಳಾಗಿವೆ, ಹೆರಿಗೆಯ ಅಂದಾಜು ದಿನಾಂಕ ಇಂಥದ್ದು, ನನಗಾಗಿ ಪ್ರತ್ಯೇಕ ರಿಸ್ಕ್ ಅಸೆಸ್‌ಮೆಂಟ್ (ಕೆಲಸದಲ್ಲಿನ ಅಪಾಯಗಳ ಪರಿಶೀಲನೆ) ಮಾಡಬೇಕೆಂದು ಕೋರುತ್ತೇನೆ, ಅದು ಮುಗಿಯುವವರೆಗೆ ಸಾಲಾಗಿ ಹಾಕಿರುವ ರಾತ್ರಿ ಪಾಳಿಗಳನ್ನು ಮರುಪರಿಶೀಲಿಸಿ. ಅದರ ಪ್ರತಿಯನ್ನು ನಿಮ್ಮ ಬಳಿಯೂ ಇಟ್ಟುಕೊಳ್ಳಿ. ಯೂನಿಯನ್ ಸದಸ್ಯರಾಗಿದ್ದರೆ ಅಲ್ಲಿನ ಸುರಕ್ಷತಾ ಪ್ರತಿನಿಧಿಗೂ ಒಂದು ಮಾತು ತಿಳಿಸಿರಿ.

ಗರ್ಭಿಣಿಯರು ರಾತ್ರಿ ಕೆಲಸ ಮಾಡಬಾರದೆಂಬ ನಿಷೇಧ ಇಲ್ಲಿಲ್ಲ, ಆದ್ದರಿಂದ ವಿಷಯ ತಿಳಿಸಿದ ಕೂಡಲೇ ನೈಟ್ ಡ್ಯೂಟಿ ತಾನಾಗಿಯೇ ರದ್ದಾಗುತ್ತದೆ ಎಂದು ನಿರೀಕ್ಷಿಸಬೇಡಿ. ಕಾನೂನು ಹೇಳುವುದು ಇಷ್ಟು: ನಿಮ್ಮ ಆರೋಗ್ಯ ಅಥವಾ ಸುರಕ್ಷತೆಯ ದೃಷ್ಟಿಯಿಂದ ಇಂತಿಷ್ಟು ಕಾಲ ರಾತ್ರಿ ಕೆಲಸ ಸಲ್ಲದು ಎಂದು ವೈದ್ಯರಾಗಲಿ ಮಿಡ್‌ವೈಫ್ ಆಗಲಿ ಪ್ರಮಾಣಪತ್ರ ಕೊಟ್ಟರೆ, ಆಸ್ಪತ್ರೆಯು ಸೂಕ್ತವಾದ ಹಗಲಿನ ಕೆಲಸ ಕೊಡಬೇಕು, ಆ ಕೆಲಸದ ಷರತ್ತುಗಳು ಈಗಿನವುಗಳಿಗಿಂತ ಗಣನೀಯವಾಗಿ ಕೆಳಮಟ್ಟದಲ್ಲಿರಬಾರದು, ಅಂಥ ಕೆಲಸವೇ ಇಲ್ಲದಿದ್ದರೆ ನಿಮ್ಮನ್ನು ಸಂಬಳಸಹಿತ ಮನೆಯಲ್ಲಿರಿಸಬೇಕು. ಹೀಗಿರುವಾಗ, ರಾತ್ರಿ ಪಾಳಿ ಕಷ್ಟವಾಗುತ್ತದೆ ಎಂದೊಡನೆ ‘ಸಿಕ್ ಲೀವ್ ಹಾಕಿಕೊಳ್ಳಿ’ ಎನ್ನುವವರ ಮಾತನ್ನು ದಯವಿಟ್ಟು ಒಪ್ಪಿಕೊಳ್ಳಬೇಡಿ. ನೀವು ರೋಗಿಯಲ್ಲ, ಕೆಲಸದ ಸಮಯ ನಿಮಗೆ ಹೊಂದುತ್ತಿಲ್ಲ, ಅಷ್ಟೆ. ಹೊಸಬರಿಗೆ ಸಿಕ್ ಲೀವ್‌ನಲ್ಲಿ ಪೂರ್ಣ ಸಂಬಳ ಸಿಗುವುದು ಸ್ವಲ್ಪ ಕಾಲ ಮಾತ್ರವೆಂಬುದನ್ನೂ ನೆನಪಿಡಿ.

ರಾತ್ರಿ ಪಾಳಿಯಿಂದ ಮಗುವಿಗೆ ನಿಜವಾಗಿಯೂ ಅಪಾಯವಿದೆಯೇ ಎಂದು ಕೇಳಿದ್ದೀರಿ. 2019ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಒಂದು ಅಧ್ಯಯನ, ಹೆಚ್ಚಾಗಿ ಆಸ್ಪತ್ರೆಗಳಲ್ಲಿಯೇ ದುಡಿಯುತ್ತಿದ್ದ 22 ಸಾವಿರಕ್ಕೂ ಹೆಚ್ಚು ಗರ್ಭಿಣಿಯರ ದಾಖಲೆಗಳನ್ನು ಪರಿಶೀಲಿಸಿತು. ಎಂಟನೆಯ ವಾರದ ನಂತರ, ಒಂದು ವಾರದಲ್ಲಿ ಎರಡು ಅಥವಾ ಹೆಚ್ಚು ರಾತ್ರಿ ಪಾಳಿ ಮಾಡಿದವರಲ್ಲಿ ಅದರ ಮುಂದಿನ ವಾರ ಗರ್ಭಪಾತದ ಸಂಭವ, ರಾತ್ರಿ ಕೆಲಸ ಮಾಡದವರಿಗಿಂತ ಶೇಕಡಾ 32ರಷ್ಟು ಹೆಚ್ಚಾಗಿತ್ತು. ಈ ಅಂಕಿಯನ್ನು ಓದಿ ಗಾಬರಿಯಾಗಬೇಡಿ: ಆ ಹಂತದಲ್ಲಿ ಯಾವುದೇ ಒಂದು ವಾರದ ಗರ್ಭಪಾತದ ಸಂಭವವೇ ಚಿಕ್ಕದು, ಅದರ ಮೂರನೆಯ ಒಂದರಷ್ಟು ಹೆಚ್ಚಳವೂ ಚಿಕ್ಕದೇ, ಮತ್ತು ಇಂಥ ಅಧ್ಯಯನ ಸಂಬಂಧವನ್ನು ತೋರಿಸುತ್ತದೆಯೇ ಹೊರತು ಕಾರಣವನ್ನು ಸಾಬೀತು ಮಾಡುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಒಂದೊಂದೇ ರಾತ್ರಿಯನ್ನು ನಡುವೆ ಸಾಕಷ್ಟು ವಿರಾಮವಿಟ್ಟು ಮಾಡುವುದು ಹಲವರಿಗೆ ಸಾಧ್ಯ. ಸಾಲಾಗಿ ನಾಲ್ಕು ರಾತ್ರಿಗಳನ್ನು ಮಾತ್ರ ನಿಮ್ಮ ಸ್ಥಿತಿಯಲ್ಲಿರುವ ಯಾರಿಗೂ ಹಾಕಬಾರದು, ಹಾಕಿದರೆ ಸುಮ್ಮನೆ ಒಪ್ಪಿಕೊಳ್ಳಲೂಬಾರದು.

ಪಾಳಿಯ ಹೊತ್ತಿನಷ್ಟೇ ಮುಖ್ಯವಾದದ್ದು ಆ ಹೊತ್ತಿನಲ್ಲಿ ಮಾಡುವ ಕೆಲಸ. ರಾತ್ರಿ ವಾರ್ಡಿನಲ್ಲಿ ಕೈಗಳು ಕಡಿಮೆ. ರೋಗಿಯನ್ನು ಎತ್ತುವ ಯಂತ್ರವಾದ ಹಾಯ್ಸ್ಟ್ ತರಲು ಜೊತೆಗಾರರಿಲ್ಲದಾಗ ರೋಗಿಯನ್ನು ಒಬ್ಬರೇ ಹೊರಳಿಸುವ, ಗೊಂದಲದಲ್ಲಿ ಕೈಕಾಲು ಬೀಸುವ ವೃದ್ಧರ ಹಾಸಿಗೆಯ ಪಕ್ಕ ಒಬ್ಬರೇ ನಿಲ್ಲುವ ಸಂದರ್ಭಗಳು ಹಗಲಿಗಿಂತ ಆಗಲೇ ಹೆಚ್ಚು. ರಿಸ್ಕ್ ಅಸೆಸ್‌ಮೆಂಟ್ ಮಾಡುವಾಗ ಇವನ್ನು ಬಿಡಿಸಿ ಹೇಳಿ; ಕ್ಯಾನ್ಸರ್ ಔಷಧಗಳನ್ನು ಮುಟ್ಟಬೇಕಾಗುತ್ತದೆಯೇ, ಎಕ್ಸ್‌ರೇ ತೆಗೆಯುವಾಗ ಪಕ್ಕದಲ್ಲಿರಬೇಕಾಗುತ್ತದೆಯೇ ಎಂಬುದನ್ನೂ ಬರೆಸಿ. ಉಷ್ಣವಲಯದ ದೇಶಗಳಲ್ಲಿ ಬೆಳೆದವರಲ್ಲಿ ಚಿಕನ್‌ಪಾಕ್ಸ್‌ಗೆ ರೋಗನಿರೋಧಕ ಶಕ್ತಿ ಇಲ್ಲದವರ ಪ್ರಮಾಣ ಇಲ್ಲಿಯವರಿಗಿಂತ ಹೆಚ್ಚು, ಆದ್ದರಿಂದ ನಿಮ್ಮ ರಕ್ತಪರೀಕ್ಷೆಯ ಫಲಿತಾಂಶವೇನೆಂದು ಸಿಬ್ಬಂದಿಯ ಆರೋಗ್ಯ ನೋಡಿಕೊಳ್ಳುವ ಆಕ್ಯುಪೇಷನಲ್ ಹೆಲ್ತ್ ವಿಭಾಗದಲ್ಲಿ ವಿಚಾರಿಸಿ. ಗರ್ಭಿಣಿಯರು ವಿಶ್ರಮಿಸಲು ಸೂಕ್ತ ಸ್ಥಳ ಒದಗಿಸುವುದೂ ಆಸ್ಪತ್ರೆಯ ಕರ್ತವ್ಯ.

ಹಣದ ವಿಷಯದಲ್ಲಿ ಒಂದು ಸೂಕ್ಷ್ಮವಿದೆ, ಇದನ್ನು ಹೊಸಬರಿಗೆ ಯಾರೂ ಹೇಳುವುದಿಲ್ಲ. ನೀವು ಹೇಳಿದ ದಿನಾಂಕಗಳನ್ನು ನೋಡಿದರೆ, ಹೆರಿಗೆಯ ವಾರಕ್ಕೆ 11 ವಾರ ಮೊದಲು ನಿಮಗೆ 12 ತಿಂಗಳ ಸೇವೆ ತುಂಬಿರುವುದಿಲ್ಲ, ಹಾಗಾಗಿ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಹೆಚ್ಚುವರಿ ಹೆರಿಗೆ ವೇತನ ದೊರೆಯದು. ಆದರೆ ಶಾಸನಬದ್ಧ ವೇತನಕ್ಕೆ ಬೇಕಾದ 26 ವಾರಗಳ ಸೇವೆ ಸಕಾಲದಲ್ಲಿ ತುಂಬುತ್ತದೆ. ಆ ವೇತನ ಒಟ್ಟು 39 ವಾರಗಳದ್ದು, ಅದರಲ್ಲಿ ಮೊದಲ ಆರು ವಾರ ನಿಮ್ಮ ಸರಾಸರಿ ಗಳಿಕೆಯ ಶೇಕಡಾ 90, ಆಮೇಲೆ ಸರ್ಕಾರ ಗೊತ್ತುಪಡಿಸಿದ ಸಣ್ಣ ಮೊತ್ತ. ಆ ಸರಾಸರಿಯನ್ನು ಲೆಕ್ಕಹಾಕುವುದು ಗರ್ಭಾವಸ್ಥೆಯ ಸುಮಾರು 17ರಿಂದ 25ನೆಯ ವಾರದವರೆಗಿನ ಗಳಿಕೆಯ ಮೇಲೆ. ರಾತ್ರಿ ಪಾಳಿಗೆ ಸಿಗುವ ಶೇಕಡಾ 30ರ ಹೆಚ್ಚಳ ಆ ಅವಧಿಯಲ್ಲಿ ಕೈತಪ್ಪಿದರೆ ಹೆರಿಗೆ ವೇತನವೂ ಇಳಿಯುತ್ತದೆ. ಆದ್ದರಿಂದ ಹಗಲಿಗೆ ಬದಲಾಯಿಸುವಾಗ ಅದು ‘ನೀವೇ ಕೇಳಿಕೊಂಡ ಅನುಕೂಲ’ ಎಂದು ದಾಖಲಾಗದೆ, ಪ್ರಮಾಣಪತ್ರ ಅಥವಾ ರಿಸ್ಕ್ ಅಸೆಸ್‌ಮೆಂಟ್‌ನ ಆಧಾರದ ಮೇಲೆ ಮಾಡಿದ ಬದಲಾವಣೆ ಎಂದೇ ದಾಖಲಾಗಲಿ, ಮತ್ತು ಈಗಿನ ಸಂಬಳವನ್ನು ಕಾಯ್ದುಕೊಳ್ಳುವ ಮಾತೂ ಅದರಲ್ಲಿ ಬರಲಿ. ರಜೆಯಂತೂ 52 ವಾರ, ಸೇವೆ ಎಷ್ಟೇ ಚಿಕ್ಕದಿದ್ದರೂ.

ಪ್ರಮಾಣಪತ್ರ ಕೈಗೆ ಬರುವ ಮೊದಲು ಕೆಲವು ರಾತ್ರಿಗಳನ್ನು ಮಾಡಲೇಬೇಕಾಗಿ ಬಂದರೆ, ಎಚ್ಚರವಾಗಿರಲೆಂದು ಕಾಫಿಯ ಮೇಲೆ ಕಾಫಿ ಕುಡಿಯಬೇಡಿ. ಇಲ್ಲಿ ಗರ್ಭಿಣಿಯರಿಗೆ ಹೇಳುವ ಮಿತಿ ದಿನಕ್ಕೆ 200 ಮಿಲಿಗ್ರಾಂ ಕೆಫೀನ್, ಅಂದರೆ ಸುಮಾರು ಎರಡು ಮಗ್ ಇನ್‌ಸ್ಟಂಟ್ ಕಾಫಿ. ಪಾಳಿ ಮುಗಿಸಿದ ಬೆಳಿಗ್ಗೆ ನಿದ್ದೆಗೆಟ್ಟು ಮಿಡ್‌ವೈಫ್ ತಪಾಸಣೆಗೆ ಓಡುವುದೂ ಬೇಡ, ಏಕೆಂದರೆ ತಪಾಸಣೆಗೆ ಸಂಬಳಸಹಿತ ಬಿಡುವು ಪಡೆಯುವುದು ನಿಮ್ಮ ಹಕ್ಕು. ತಪಾಸಣೆಯ ದಿನಾಂಕಗಳನ್ನು ಮೊದಲೇ ಕೊಟ್ಟು ಅದರ ಹಿಂದಿನ ರಾತ್ರಿಯನ್ನು ಪಟ್ಟಿಯಿಂದ ತೆಗೆಸಿಕೊಳ್ಳಿ. ದಕ್ಷಿಣ ಏಷ್ಯಾ ಮೂಲದವರಿಗೆ 24ರಿಂದ 28ನೆಯ ವಾರದ ನಡುವೆ ಗರ್ಭಾವಸ್ಥೆಯ ಮಧುಮೇಹದ ಪರೀಕ್ಷೆ ಮಾಡುತ್ತಾರೆ. ಅದಕ್ಕೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕಾದ್ದರಿಂದ ಆ ದಿನದ ಹಿಂದಿನ ರಾತ್ರಿಯನ್ನಂತೂ ಪಟ್ಟಿಯಿಂದ ತೆಗೆಸಿಕೊಳ್ಳಲು ಮರೆಯಬೇಡಿ. 28 ವಾರಗಳ ನಂತರ ಹಗಲಿನಲ್ಲಿ ಮಲಗಿದರೂ ಮಗ್ಗುಲಾಗಿಯೇ ಮಲಗಿ. ಮಗುವಿನ ಚಲನೆ ಶುರುವಾದ ಮೇಲೆ ಅದು ಎಂದಿಗಿಂತ ಕಡಿಮೆಯಾಗಿದೆ ಎನಿಸಿದರೆ, ಪಾಳಿಯ ನಡುವೆಯೇ ಆಗಲಿ, ಯಾರಿಗಾದರೂ ರೋಗಿಗಳನ್ನು ಒಪ್ಪಿಸಿ ಕೂಡಲೇ ಹೆರಿಗೆ ವಿಭಾಗಕ್ಕೆ ಫೋನ್ ಮಾಡಿ, ಪಾಳಿ ಬದಲಾಗುವಾಗಿನ ಹ್ಯಾಂಡೋವರ್ ಆಗಲಿ ಎಂದು ಕಾಯಬೇಡಿ. ಅಲ್ಲಿ ಇಡೀ ರಾತ್ರಿ ಉತ್ತರಿಸುವವರಿರುತ್ತಾರೆ.